ಹಗಲು ಮಲಗಿದ ಡಾಕ್ಟರಮ್ಮ

ನನ್ನ ತಂಗಿಯ ಮೊಮ್ಮಗಳು ಈ ವರ್ಷ ಚಿಕ್ಕಮಗಳೂರಿನಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದಾಳೆ. ರಾತ್ರಿ ಪಾಳಿ ತಡೆದುಕೊಳ್ಳುವುದು ಹೇಗೆ ಎಂದು ಕೇಳಿದಳು. ಅವಳ ಜೊತೆಗಿರುವ ಹೊಸ ಡಾಕ್ಟರುಗಳೂ ಕಣ್ಣು ಕೆಂಪು ಮಾಡಿಕೊಂಡು ಇದನ್ನೇ ಕೇಳುತ್ತಾರಂತೆ. ಬಾಯಲ್ಲಿ ಹೇಳಿದರೆ ಅವಳು ಫೋನ್ ನೋಡುತ್ತಾ ಹೂಂ ಹೂಂ ಅನ್ನುತ್ತಾಳೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಉಳಿದ ಅಕ್ಷರ ಔಷಧಿ ಬಾಟಲಿ ನೋಡಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲ ಮಾತು ಇದು. ರಾತ್ರಿ ಎಚ್ಚರ ಇರುವುದು ದೊಡ್ಡ ವಿದ್ಯೆಯಲ್ಲ, ನಾಯಿಯೂ ಇರುತ್ತದೆ. ಮರುದಿನ ಹಗಲು ಮಲಗುವುದಿದೆಯಲ್ಲ, ಅದು ಕಷ್ಟ. ಕಾಲೇಜಿನಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ.

ನಾನು ಆಯಾ ಆಗಿದ್ದ ಆಸ್ಪತ್ರೆ ಮೂಡಿಗೆರೆ ಕಡೆಯದು. ಎಸ್ಟೇಟಿನವರು ಸೇರಿ ಕಟ್ಟಿಸಿದ್ದು, ಈಗ ಇಲ್ಲ, ಹೆಸರು ಬೇಡ. ಆಗ ಗಾಜಿನ ಸಿರಿಂಜು, ಕುದಿಸಿ ಕುದಿಸಿ ಕೊಡುತ್ತಿದ್ದೆವು. ಫೋನು ಒಂದೇ, ಅದೂ ಗಾಳಿ ಬಂದರೆ ಸತ್ತುಹೋಗುತ್ತಿತ್ತು. ಈಗಿನ ಹಾಗೆ ಕರೆದ ಕೂಡಲೇ ಆಂಬುಲೆನ್ಸು ಬರುತ್ತಿರಲಿಲ್ಲ. ಯಾರದಾದರೂ ಎಸ್ಟೇಟಿನ ಜೀಪು ಸಿಕ್ಕರೆ ಪುಣ್ಯ.

ರಾತ್ರಿಗೆ ಒಬ್ಬರೇ ಡಾಕ್ಟರು. ಕಾಲೇಜು ಮುಗಿಸಿ ಬಂದ ಎಳೆಯರನ್ನೇ ಅದಕ್ಕೆ ಹಾಕುತ್ತಿದ್ದರು. ಬೇರೆ ಕಾಲದಲ್ಲಿ ಸರಿ, ಕಾಫಿ ಕೊಯ್ಲಿನ ಕಾಲದಲ್ಲಿ ಮಾತ್ರ ಅದು ಶಿಕ್ಷೆ. ಹಣ್ಣು ಕೊಯ್ಯುವವರಿಗೆ ಕೂಲಿ ತೂಕದ ಲೆಕ್ಕದಲ್ಲಿ. ಮೈ ಸುಡುತ್ತಿದ್ದರೂ ಹಗಲು ಬುಟ್ಟಿ ಬಿಟ್ಟು ಬರುತ್ತಿರಲಿಲ್ಲ. ಸಂಜೆ ತೂಕ ಮುಗಿಸಿ, ಸ್ನಾನ ಮಾಡಿ, ಊಟ ಮುಗಿಸಿ, ಲೈನಿನವರೆಲ್ಲ, ಅಂದರೆ ಎಸ್ಟೇಟಿನ ಕೂಲಿಮನೆಗಳವರೆಲ್ಲ, ಟಾರ್ಚು ಹಿಡಿದು ಸಾಲಾಗಿ ಬರುತ್ತಿದ್ದರು. ಹಗಲು ಆಸ್ಪತ್ರೆಯಲ್ಲಿ ನೊಣ ಹೊಡೆಯುವ ಕೆಲಸ, ರಾತ್ರಿ ಜಾತ್ರೆ.

ಆ ಎಳೆಯ ಡಾಕ್ಟರುಗಳು ನಿದ್ದೆ ತಡೆಯಲು ಮಾಡಿದ ಸರ್ಕಸ್ಸು ಒಂದೆರಡಲ್ಲ. ಒಬ್ಬರು ಕಾಫಿ ಬೀಜವನ್ನು ಹಾಗೇ ಬಾಯಿಗೆ ಹಾಕಿ ಅಗಿಯುತ್ತಿದ್ದರು. ಒಂದು ರಾತ್ರಿ ಎದೆ ಹಿಡಿದುಕೊಂಡು ಬಂದರು. "ರುಕ್ಕಮ್ಮ, ಎದೆ ಡಬಡಬ ಅಂತಿದೆ. ನಾನು ಸತ್ತುಹೋಗ್ತೀನಾ?" "ಡಾಕ್ಟ್ರು ನೀವು. ನನ್ನನ್ನ ಕೇಳಿದ್ರೆ?" ಎಂದೆ. ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿದೆ. ಇನ್ನೊಬ್ಬರು ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದರು. ನಮ್ಮ ಕಡೆಯ ಡಿಸೆಂಬರಿನಲ್ಲಿ! ಜ್ವರ ಬಂದು ಅವರೇ ಹಾಸಿಗೆ ಹಿಡಿದರು. ಮೂರನೆಯವರು ಬಾಟಲಿ ನೇತುಹಾಕುವ ಸ್ಟ್ಯಾಂಡಿಗೆ ಒರಗಿ ನಿಂತೇ ನಿದ್ದೆ ಮಾಡುವುದನ್ನು ಕಲಿತರು. ಅದಕ್ಕೆ ಗಾಲಿ ಇದ್ದದ್ದು ಮರೆತಿದ್ದರು. ಬಿದ್ದು ಹಣೆಗೆ ಹೊಲಿಗೆ ಬಿತ್ತು. ಹೊಲಿಯಲು ದೊಡ್ಡ ಡಾಕ್ಟರನ್ನು ಎಬ್ಬಿಸಬೇಕಾಯಿತು, ಅದೇ ದೊಡ್ಡ ಕಷ್ಟ.

ದೊಡ್ಡ ಡಾಕ್ಟರ ಬಗ್ಗೆ ಹೇಳಬೇಕು. ಕೈಗುಣ ಒಳ್ಳೆಯದು, ಬಾಯಿ ಒಳ್ಳೆಯದಲ್ಲ. "ನಮ್ಮ ಕಾಲದಲ್ಲಿ ದಿನಗಟ್ಲೆ ಕಣ್ಣು ಮುಚ್ಚದೆ ಕೆಲಸ ಮಾಡಿದೀವಿ ಕಣ್ರೀ. ನಿದ್ದೆ ಅನ್ನೋದು ಮನಸ್ಸಿನ ದೌರ್ಬಲ್ಯ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಹೇಳಿ, ಮಧ್ಯಾಹ್ನದ ಊಟವಾದ ಮೇಲೆ ಮೇಜಿನ ಮುಂದೆ ಪೇಪರ್ ಅಗಲಿಸಿ ಹಿಡಿದು ಅದರ ಹಿಂದೆ ಗೊರಕೆ ಹೊಡೆಯುತ್ತಿದ್ದರು.

ಎರಡು ಕೊಯ್ಲಿನಲ್ಲಿ ಇಬ್ಬರು ರಾತ್ರಿ ಡಾಕ್ಟರು ಬಿಟ್ಟು ಹೋದರು. ದೊಡ್ಡ ಡಾಕ್ಟರು ರಾತ್ರಿಗೆ ನಿಲ್ಲುವವರಲ್ಲ. ಡಾಕ್ಟರಿಲ್ಲದ ರಾತ್ರಿ ಹೆರಿಗೆಗೆ ಬಂದವರನ್ನು ಜೀಪಿನಲ್ಲಿ ಹಾಕಿ ಚಿಕ್ಕಮಗಳೂರಿಗೆ ಕಳಿಸಬೇಕು. ತಿರುವಿನ ದಾರಿ. ಎರಡು ಹೆರಿಗೆ ಜೀಪಿನಲ್ಲೇ ಆಯಿತು. ಒಂದು ಕೂಸು ಉಳಿಯಿತು, ಒಂದು ಉಳಿಯಲಿಲ್ಲ. ಅದಾದ ಮೇಲೆ ಬಂದವರು ವೀಣಾ ಡಾಕ್ಟರು.

ತುಮಕೂರು ಕಡೆಯ ಹುಡುಗಿ. ಸಣ್ಣ ಆಳು, ಜಡೆ ಉದ್ದ, ಕೆಲಸ ಚುರುಕು. ಹೆರಿಗೆಯಲ್ಲಿ ಕೈ ನಡುಗುತ್ತಿರಲಿಲ್ಲ. ಬಂದ ಹೊಸದರಲ್ಲೇ ಕಾಲು ಮುಂದಾಗಿದ್ದ ಒಂದು ಕೂಸನ್ನು ಜೀವಂತ ಹೊರಗೆ ತೆಗೆದರು. ಇವರೊಬ್ಬರು ನಿಂತರೆ ಸಾಕು ಎಂದುಕೊಂಡೆ. ಕೊಯ್ಲು ಶುರುವಾಯಿತು. ರಾತ್ರಿಯನ್ನು ಅವರು ಹೇಗೋ ದಾಟುತ್ತಿದ್ದರು. ಹಗಲು ದಾಟಲಿಲ್ಲ.

ಅವರಿಗೆ ಕೊಟ್ಟ ಮನೆ ರಸ್ತೆಯ ಪಕ್ಕಕ್ಕೇ ಇತ್ತು. ಬೆಳಿಗ್ಗೆ ಬಂದು ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಬಾಗಿಲು ಹಾಕಿದ್ದೇ ತಪ್ಪಾಯಿತು. ನಮ್ಮ ಕಡೆ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಯಾರಿಗೋ ಹುಷಾರಿಲ್ಲ, ಇಲ್ಲವೇ ಜಗಳ, ಇಲ್ಲವೇ ಸಾವು. ಹಾದುಹೋಗುವವರು ಕಂಡೂ ಕೇಳದೆ ಹೋದರೆ ಮನುಷ್ಯರಾ? ಆದ್ದರಿಂದ ಎಲ್ಲರೂ ತಟ್ಟಿ ಕೇಳಿದರು.

ಮೊದಲು ಮೊಸರು ಮಾರುವ ಪುಟ್ಟಕ್ಕ. "ಡಾಕ್ಟ್ರಮ್ಮ, ಬಾಗ್ಲು ಹಾಕಿದೀರಲ್ಲ, ಜ್ವರನಾ?"

"ಇಲ್ಲಮ್ಮ, ಮಲಗಿದ್ದೆ."

"ಅಯ್ಯೋ, ಹೊತ್ತು ಇಷ್ಟು ಮೇಲೆ ಬಂದ್ಮೇಲೆ ಮಲಗ್ತಾರಾ? ಮೈಯಲ್ಲಿ ಏನೋ ಇದೆ. ಕಷಾಯ ತಂದ್ಕೊಡ್ಲಾ?"

ಆಮೇಲೆ ಸ್ಕೂಟರಿನಲ್ಲಿ ಮೀನು ತರುವವನು. ಅವನು ತಟ್ಟಲಿಲ್ಲ, ಬಾಗಿಲು ತೆಗೆಯುವವರೆಗೆ ಹಾರನ್ ಒತ್ತಿದ. ಆಮೇಲೆ ಪುಟ್ಟಕ್ಕ, ಕಷಾಯದ ಜೊತೆ.

ಡಾಕ್ಟರು ರಟ್ಟಿನ ಮೇಲೆ 'ರಾತ್ರಿ ಡ್ಯೂಟಿ ಮಾಡಿದ್ದೇನೆ, ಮಲಗಿದ್ದೇನೆ, ತಟ್ಟಬೇಡಿ' ಎಂದು ಬರೆದು ಬಾಗಿಲಿಗೆ ನೇತುಹಾಕಿದರು. ಓದಲು ಬಾರದವರು ತಟ್ಟಿ, "ಇದ್ರಲ್ಲಿ ಎಂತ ಬರ್ದಿದೆ ಡಾಕ್ಟ್ರಮ್ಮ?" ಎಂದು ಕೇಳಿದರು. ಓದಲು ಬರುವವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಅವನೂ ತಟ್ಟಿದ. "ಮಲಗಿದೀರಾ ಮೇಡಂ? ಬೋರ್ಡು ನೋಡ್ದೆ. ಮಲ್ಕೊಳ್ಳಿ ಮಲ್ಕೊಳ್ಳಿ, ಆಮೇಲೆ ಬರ್ತೀನಿ" ಎಂದು ಹೇಳಿ ಹೋದ.

ಯಾರಲ್ಲೂ ಕೆಟ್ಟದ್ದಿಲ್ಲ. ಅದೇ ಕಷ್ಟ. ಕೆಟ್ಟವರಾದರೆ ಬೈದು ಓಡಿಸಬಹುದು. ಕಷಾಯ ಹಿಡಿದು ನಿಂತವರನ್ನು ಏನು ಮಾಡುತ್ತೀರಿ?

ವೀಣಾ ಡಾಕ್ಟರು ದೊಡ್ಡ ಡಾಕ್ಟರ ಹತ್ತಿರ ಹೋಗಿ ಪಾಳಿ ಬದಲಿಸಿ ಎಂದು ಕೇಳಿದರು. ಅವರು ಮನಸ್ಸಿನ ದೌರ್ಬಲ್ಯದ ಪಾಠ ಹೇಳಿ ಕಳಿಸಿದರು.

ಆಮೇಲೆ ಒಂದು ಬೆಳಗಿನ ಜಾವ ಈ ಸಂಗತಿ ನಡೆಯಿತು. ಲೈನಿನಿಂದ ಗಂಡ ಹೆಂಡತಿ ಬಂದಿದ್ದರು. ಹೆಂಡತಿಗೆ ವಾಂತಿ ಭೇದಿ. ಅವಳು ಮಂಚದ ಮೇಲೆ ಮಲಗಿದರೆ ಹೊಟ್ಟೆ ತೊಳಸುತ್ತದೆ ಎಂದು ನೆಲದಲ್ಲಿ ಗೋಡೆಗೊರಗಿ ಕೂತಳು. ಖಾಲಿ ಮಂಚ ಕಂಡು ಗಂಡ ಮಲಗಿದ. ಹಿಂದಿನ ದಿನವೆಲ್ಲ ಹಣ್ಣು ಹೊತ್ತಿದ್ದ ಆಳು. ನಾನು ನೆಲ ಒರೆಸುತ್ತಾ ಬಂದು ನೋಡಿದರೆ ಗಂಡನ ಕೈಗೆ ಗ್ಲೂಕೋಸ್ ಬಾಟಲಿ ಹತ್ತಿತ್ತು.

"ಏನೋ ಇದು? ನಿಂಗ್ಯಾಕೋ ಬಾಟ್ಲಿ?"

"ಡಾಕ್ಟ್ರು ಹಾಕಿದ್ರು ಅಕ್ಕ."

"ನನಗಲ್ಲ ಅಂತ ಹೇಳೋದಲ್ವಾ?"

"ಡಾಕ್ಟ್ರು ಹಾಕ್ತಾ ಇರ್ಬೇಕಾದ್ರೆ ಬೇಡ ಅನ್ನೋಕಾಗ್ತದಾ?"

ನೆಲದಲ್ಲಿ ಕೂತ ಹೆಂಡತಿ, "ಅವ್ರಿಗೂ ಸುಸ್ತಿತ್ತು ಬಿಡಿ" ಎಂದಳು.

ಗಲಾಟೆ ಕೇಳಿ ವೀಣಾ ಡಾಕ್ಟರು ಬಂದರು. ನೋಡಿದರು. ಅವನ ಕೈಯಿಂದ ಸೂಜಿ ತೆಗೆದು, ಬೇರೆ ಸೂಜಿ ಬೇರೆ ಬಾಟಲಿ ತಂದು ಹೆಂಡತಿಗೆ ಹಾಕಿದರು. ಹೆಂಡತಿ ಹುಷಾರಾದಳು. ಗಂಡ ಅವತ್ತು ಎಲ್ಲರಿಗಿಂತ ಹೆಚ್ಚು ಹಣ್ಣು ಕೊಯ್ದನಂತೆ. ಮರುದಿನ ಲೈನಿನಿಂದ ಗಟ್ಟಿಮುಟ್ಟಾದ ಇಬ್ಬರು ಗಂಡಸರು ಬಂದು, "ನಮ್ಗೂ ಆ ಬಾಟ್ಲಿ ಹಾಕಿ" ಎಂದು ಸರದಿಯಲ್ಲಿ ಕೂತರು. ನಾನೇ ಪೊರಕೆ ತೋರಿಸಿ ಕಳಿಸಿದೆ.

ಬಾಟಲಿ ಬದಲಿಸಿದ ಆ ಬೆಳಿಗ್ಗೆ ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು.

"ಇವತ್ತು ಗ್ಲೂಕೋಸು ರುಕ್ಕಮ್ಮ. ನಾಳೆ ಬೇರೆ ಏನೋ ಆಗಿದ್ರೆ? ಒಬ್ರು ಸತ್ತಿದ್ರೆ? ನನ್ನಿಂದ ಆಗಲ್ಲ. ಶನಿವಾರದ ಬಸ್ಸಿಗೆ ಊರಿಗೆ ಹೋಗ್ತೀನಿ."

ಹೋಗಬೇಡಿ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದ ಕೂಡಲೇ ಯಾರು ನಿಲ್ಲುತ್ತಾರೆ? "ಶನಿವಾರಕ್ಕೆ ಇನ್ನೂ ದಿನ ಇದೆ ಡಾಕ್ಟ್ರೇ. ಅಲ್ಲೀವರ್ಗೆ ಎಲ್ಲಾದ್ರೂ ಮಲಗ್ಬೇಕಲ್ಲ. ಬನ್ನಿ" ಎಂದು ಬಾಣಂತಿಯರ ಕೋಣೆಗೆ ಕರೆದುಕೊಂಡು ಹೋದೆ.

ಇದು ದೊಡ್ಡ ಯೋಚನೆಯೇನಲ್ಲ. ಹಗಲು ಬಾಗಿಲು ಹಾಕಿದರೂ ಯಾರೂ ಏನೂ ಕೇಳದ ಕೋಣೆ ಅದೊಂದೇ. ಹೆರಿಗೆಯ ಸೂತಕ ಎಂದು ಹೊರಗಿನವರು ಕಾಲಿಡುವುದಿಲ್ಲ. ಗಾಳಿ ತಾಗಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿರುತ್ತದೆ. ಕೆಂಡದ ಬಿಸಿ ಇರುತ್ತದೆ. ಆವಾಗ ಅಲ್ಲಿ ಒಬ್ಬಳೇ ಬಾಣಂತಿ, ಕಾವಲಿಗೆ ಅವಳ ತಾಯಿ ಚೆನ್ನಮ್ಮ. ಎರಡು ಮಂಚ ಖಾಲಿ. ಡಾಕ್ಟರು ಮೂಲೆಯ ಮಂಚದಲ್ಲಿ ಬಿದ್ದುಕೊಂಡವರು ಸಂಜೆಯವರೆಗೆ ಮಗ್ಗುಲು ತಿರುಗಿಸಲಿಲ್ಲ. ಪಕ್ಕದಲ್ಲಿ ಕೂಸು ಅರಚಿಕೊಂಡರೂ ಏಳಲಿಲ್ಲ. ಅಳುವ ಕೂಸು ತನ್ನದಲ್ಲದಿದ್ದರೆ ನಿದ್ದೆಗೆ ಅದರಿಂದ ಏನೂ ತೊಂದರೆಯಿಲ್ಲ, ಬರೆದಿಟ್ಟುಕೊಳ್ಳಿ.

ಚೆನ್ನಮ್ಮ ಬಾಗಿಲಲ್ಲಿ ಕೂತು ಕಾಯುತ್ತಿದ್ದಳು. ಕಾಂಪೌಂಡರ್ ಒಮ್ಮೆ, "ವೀಣಾ ಮೇಡಂ ಇದಾರಾ?" ಎಂದು ಇಣುಕಿದ. "ಬಾಣ್ತಿ ಕೋಣೆ ಇಣುಕ್ತೀಯಾ? ನಿನ್ನ ಕಣ್ಣಿಗಷ್ಟು ಮೆಣಸು ಹಾಕ!" ಎಂದು ಚೆನ್ನಮ್ಮ ಎದ್ದಳು. ಅವನು ಮತ್ತೆ ಆ ಕಡೆ ಬರಲಿಲ್ಲ. ಮಗಳಿಗೆ ಮಾಡಿದ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದ ಅನ್ನವನ್ನು ಡಾಕ್ಟರಿಗೂ ಬಡಿಸಿದಳು. "ತಿನ್ನು ಮಗ, ರಾತ್ರಿಯೆಲ್ಲ ನಿಲ್ಲೋಳು ನೀನು" ಎಂದಳು. ಡಾಕ್ಟರಿಗೆ ಏಕವಚನ! ಡಾಕ್ಟರು ತಿಂದರು, ಕಿವಿಗೆ ಬಟ್ಟೆ ಕಟ್ಟಿಕೊಂಡರು, ಮಲಗಿದರು.

ನಾಲ್ಕಾರು ದಿನದಲ್ಲಿ ಮುಖಕ್ಕೆ ಕಳೆ ಬಂತು. ಶನಿವಾರ ಬಂತು, ಬಸ್ಸೂ ಬಂತು. "ಇನ್ನೊಂದು ವಾರ ನೋಡ್ತೀನಿ ರುಕ್ಕಮ್ಮ" ಎಂದರು. ಕೆಲಸದಲ್ಲಿ ಒಂದು ಹೊಸ ಕ್ರಮವನ್ನೂ ತಂದರು. ಸೂಜಿ ಚುಚ್ಚುವ ಮೊದಲು ರೋಗಿ ತನ್ನ ಹೆಸರನ್ನು ತಾನೇ ಹೇಳಬೇಕು, ಯಾಕೆ ಬಂದೆ ಎಂದೂ ಹೇಳಬೇಕು. ಈಗ ದೊಡ್ಡ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟುತ್ತಾರಂತೆ. ಕಟ್ಟಲಿ. ಆದರೂ ನೀವು ಕೇಳಿ. ಪಟ್ಟಿಗೆ ಬಾಯಿಲ್ಲ.

ಎಲ್ಲ ಸರಿಹೋಯಿತು ಎನ್ನುವಾಗ ಮೊಸರಿನ ಪುಟ್ಟಕ್ಕ ಬಂದಳು. ಡಾಕ್ಟರ ಮನೆಗೆ ಬೀಗ ಇರುವುದು ನೋಡಿ ಆಸ್ಪತ್ರೆಗೆ ಹುಡುಕಿಕೊಂಡು ಬಂದಿದ್ದಳು. ಚೆನ್ನಮ್ಮ ನೀರಿಗೆ ಹೋಗಿದ್ದಳು. ಪುಟ್ಟಕ್ಕ ಕಂಬಳಿಯ ಸಂದಿಯಿಂದ ಒಳಗೆ ನೋಡಿದಳು. ಡಾಕ್ಟರಮ್ಮ ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿ ಮಲಗಿದ್ದಾರೆ. ತಲೆಯ ಹತ್ತಿರ ಮೆಣಸಿನ ಸಾರಿನ ಬಟ್ಟಲು. ಎಲ್ಲೋ ಒಂದು ಕೂಸು ಅಳುತ್ತಿದೆ. ಇಷ್ಟು ಸಾಕಲ್ಲ?

ಆ ಮಾತು ಗೋಣಿಬೀಡಿನ ಅಂಗಡಿ ಮುಟ್ಟುವ ಹೊತ್ತಿಗೆ ಮಗು ಗಂಡು ಎಂದು ತೀರ್ಮಾನವಾಗಿತ್ತು. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಅವಳಿಜವಳಿ ಆಗಿತ್ತು. ಅಪ್ಪ ಯಾರು ಎನ್ನುವುದಕ್ಕೆ ಮಾತ್ರ ಊರಿಗೊಂದು ಹೆಸರು.

ಮರುದಿನ ಆಸ್ಪತ್ರೆ ಕಮಿಟಿಯ ಅಧ್ಯಕ್ಷ ಗೌಡರು ಹೊಸ ಕಾರಿನಲ್ಲಿ ಬಂದರು. ಆ ವರ್ಷಗಳಲ್ಲಿ ಕಾಫಿಗೆ ಒಳ್ಳೆ ರೇಟು, ಎಲ್ಲರ ಮನೆಯಲ್ಲೂ ಹೊಸ ಕಾರು. ಜೊತೆಯಲ್ಲಿ ಅವರ ಹೆಂಡತಿ ಸಾವಿತ್ರಮ್ಮನವರು, ತೊಡೆಯ ಮೇಲೆ ಒಂದು ಬುಟ್ಟಿ. ಗೌಡರು ದೊಡ್ಡ ಡಾಕ್ಟರ ಕೋಣೆಯಲ್ಲಿ ಕೂತು ವೀಣಾ ಡಾಕ್ಟರನ್ನು ಕರೆಸಿದರು. ನಾನು ಕಾಫಿ ತಂದವಳು ಲೋಟ ತೆಗೆದುಕೊಂಡು ಹೋಗಬೇಕೆಂದು ಅಲ್ಲೇ ನಿಂತೆ. ಕುಡಿಯುವವರೆಗೆ ಲೋಟ ಬಿಟ್ಟು ಹೋಗುವುದು ಹೇಗೆ?

"ನೋಡಮ್ಮ" ಎಂದರು ಗೌಡರು. "ಆಸ್ಪತ್ರೆಗೆ ಒಂದು ಮರ್ಯಾದೆ ಅಂತ ಇದೆ. ಊರಲ್ಲಿ ಜನ ಏನು ಮಾತಾಡ್ತಿದಾರೆ ಗೊತ್ತಾ? ಇದು ನಿಜ ಆದ್ರೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ."

ದೊಡ್ಡ ಡಾಕ್ಟರು ಕಿಟಕಿಯ ಕಡೆ ನೋಡುತ್ತಾ, "ನನಗೇನೂ ಗೊತ್ತಿಲ್ಲ ಸರ್" ಎಂದರು. ಅದು ನಿಜ. ಅವರಿಗೆ ಯಾವತ್ತೂ ಏನೂ ಗೊತ್ತಿರುತ್ತಿರಲಿಲ್ಲ.

ಸಾವಿತ್ರಮ್ಮನವರು ಬುಟ್ಟಿಯನ್ನು ಮೇಜಿನ ಮೇಲಿಟ್ಟರು. ತುಪ್ಪ, ಬೆಳ್ಳುಳ್ಳಿ, ಅಂಟಿನುಂಡೆ. "ಹೆಂಗಾದ್ರೂ ಆಗಿರ್ಲಿ. ಹೆತ್ತ ಹೆಣ್ಣಿಗೆ ತುಪ್ಪ ಬೇಕಲ್ಲ. ಬೈಯೋದು ಇವ್ರು ಬೈಲಿ, ನೀನು ತಿನ್ನು" ಎಂದರು.

ಈ ಹುಡುಗಿ ಈಗ ಅಳುತ್ತಾಳೆ, ಸಂಜೆಯೇ ಪೆಟ್ಟಿಗೆ ಕಟ್ಟುತ್ತಾಳೆ, ಈ ಕೊಯ್ಲಿಗೂ ಜೀಪೇ ಗತಿ ಎಂದುಕೊಂಡೆ. ಹಿಂದಿನ ವಾರವಾಗಿದ್ದರೆ ಅತ್ತೇ ಬಿಡುತ್ತಿದ್ದರು. ಆದರೆ ಈಗ ನಿದ್ದೆ ಮಾಡಿ ಎದ್ದ ಮುಖ. ನಿದ್ದೆಯಾದ ಮನುಷ್ಯರಿಗೆ ಮಾತು ಬರುತ್ತದೆ.

"ಸರ್, ನಾನು ಹೆತ್ತಿಲ್ಲ. ಮಲಗಿದ್ದೆ, ಅಷ್ಟೇ. ರಾತ್ರಿಯೆಲ್ಲ ನಿಮ್ಮ ಲೈನಿನವರನ್ನ ನೋಡಿ ಬೆಳಿಗ್ಗೆ ಮಲಗೋಕೆ ಹೋದ್ರೆ ನನ್ನ ಮನೇಲಿ ಬಿಡ್ಲಿಲ್ಲ. ಬಾಣಂತಿ ಕೋಣೇಲಿ ಬಿಟ್ರು. ಈ ಊರಲ್ಲಿ ಹೆಣ್ಣು ಹಗಲು ಮಲಗ್ಬೇಕಾದ್ರೆ ಹೆರಲೇಬೇಕಾ ಸರ್?"

ಸಾವಿತ್ರಮ್ಮನವರು ನಕ್ಕರು. ಸಣ್ಣ ನಗುವಲ್ಲ, ಸೆರಗು ಬಾಯಿಗೆ ಹಿಡಿದರೂ ನಿಲ್ಲದಂಥದ್ದು.

"ಎಂತಕ್ಕೆ ನಗ್ತೀಯ ಮಾರಾಯ್ತಿ?" ಎಂದರು ಗೌಡರು.

"ನಿಜ ಹೇಳ್ತು ಹುಡುಗಿ. ಮದ್ವೆಯಾಗಿ ನಿಮ್ಮ ಮನೆಗೆ ಬಂದ್ಮೇಲೆ ನಾನು ಹಗಲು ಮಲಗಿದ್ದು ಮೂರು ಸಲ. ಮೂರು ಸಲಾನೂ ಪಕ್ಕದಲ್ಲಿ ಕೂಸಿತ್ತು."

"ಅಮ್ಮಾವ್ರೇ, ಮನೆ ವಿಷ್ಯ ಬೇರೆ, ಡ್ಯೂಟಿ ಬೇರೆ" ಎಂದರು ದೊಡ್ಡ ಡಾಕ್ಟರು.

"ಬೇರೆ ಹೌದು. ನಿಮ್ಮ ಡ್ಯೂಟೀಲಿ ಪೇಪರ್ ಅಡ್ಡ ಹಿಡ್ದು ಮಲಗ್ಬಹುದಲ್ಲ. ನಮ್ಮನೇಲಿ ಪೇಪರ್ ಇವ್ರ ಕೈಯಲ್ಲಿರ್ತದೆ."

ಗೌಡರು ಕಾರಿನ ಬೀಗದ ಕೈ ತಿರುಗಿಸುತ್ತಾ ಕೂತರು. ಸಾವಿತ್ರಮ್ಮನವರು ಬಿಡಲಿಲ್ಲ. ಜೀಪಿನಲ್ಲಿ ತೀರಿಹೋದ ಕೂಸಿನ ಮಾತು ತೆಗೆದರು. ಆ ಕೂಸು ಅವರ ಎಸ್ಟೇಟಿನ ಲೈನಿನದೇ. "ಈ ಹುಡುಗೀನೂ ಹೋದ್ರೆ ಮುಂದಿನ ಹೆರಿಗೆಗೆ ಯಾರು ನಿಲ್ತಾರೆ? ನೀವು ನಿಲ್ತೀರಾ?" ಎಂದು ಗಂಡನನ್ನೇ ಕೇಳಿದರು. ಗೌಡರು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಏನು ಮಾಡ್ಬೇಕು ಹೇಳಮ್ಮ" ಎಂದು ವೀಣಾ ಡಾಕ್ಟರ ಕಡೆ ತಿರುಗಿದರು.

ಅವರು ಎರಡೇ ಕೇಳಿದರು. ವಾರಕ್ಕೆ ಎರಡು ರಾತ್ರಿ ಬೇರೆಯವರು ನಿಲ್ಲಬೇಕು. ಹಗಲು ಮಲಗಲು ಯಾರೂ ತಟ್ಟದ ಒಂದು ಕೋಣೆ ಬೇಕು. ಬೇರೆಯವರು ಎಂದರೆ ಯಾರು? ಇದ್ದವರು ದೊಡ್ಡ ಡಾಕ್ಟರೊಬ್ಬರೇ. ಕೊಯ್ಲಿನ ಒಂದು ರಾತ್ರಿ ಕಳೆದ ಮೇಲೆ ಮನಸ್ಸಿನ ದೌರ್ಬಲ್ಯ ಎನ್ನುವ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಆಮೇಲೆ ಬಂದ ಎಳೆಯ ಡಾಕ್ಟರುಗಳಿಗೆ, "ಊಟ ಮಾಡಿ ಮಲಗಿ ಹೋಗ್ರೀ, ನಾಟಕ ಆಡ್ಬೇಡಿ" ಎಂದು ಬೈಯುತ್ತಿದ್ದರು. ಅದೂ ಬೈಗುಳವೇ, ಆದರೆ ಉಪಯೋಗದ ಬೈಗುಳ.

ವೀಣಾ ಡಾಕ್ಟರು ಆ ಕೊಯ್ಲು ಮುಗಿಸಿದರು, ಮತ್ತೆರಡು ಕೊಯ್ಲು ನೋಡಿದರು. ಜೀಪಿನಲ್ಲಿ ಹೆರಿಗೆ ಆಗಲಿಲ್ಲ. ಆಮೇಲೆ ಹೆಚ್ಚಿನ ಓದಿಗೆ ಹೋದರು. ಹೋಗಬೇಕಾದ್ದೇ.

ಅವರು ಆವತ್ತು ಕೇಳಿದ ಕೋಣೆ ಎಂದರೆ ಹಿಂದುಗಡೆ ಮುರಿದ ಮಂಚ ತುಂಬಿದ್ದ ಉಗ್ರಾಣ. ಖಾಲಿ ಮಾಡಿಸಿ ಸುಣ್ಣ ಹೊಡೆಸಿದರು. ಸಾವಿತ್ರಮ್ಮನವರು ತಮ್ಮ ಮನೆಯಿಂದ ದಪ್ಪ ಪರದೆ, ಹತ್ತಿ ಹಾಸಿಗೆ ಕಳಿಸಿದರು. ತಯಾರಾದ ಬೆಳಿಗ್ಗೆ ತಾವೇ ನೋಡಲು ಬಂದರು. ಪರದೆ ಎಳೆದು ಕತ್ತಲಾಗುತ್ತದಾ ಎಂದು ನೋಡಿದರು, ಕಿಟಕಿ ಹಾಕಿ ಸದ್ದು ಕೇಳುತ್ತದಾ ಎಂದು ನೋಡಿದರು. "ಹಾಸಿಗೆ ಗಂಟಾಗಿದ್ಯಾ ನೋಡ್ತೀನಿ ಇರು" ಎಂದು ಚಪ್ಪಲಿ ಬಿಟ್ಟು ಮಲಗಿದರು.

ಎರಡು ಮಾತಾಡುವುದರೊಳಗೆ ಉಸಿರು ಉದ್ದವಾಯಿತು.

ಅಷ್ಟರಲ್ಲಿ ವೀಣಾ ಡಾಕ್ಟರು ಪಾಳಿ ಮುಗಿಸಿ, ಮುಖ ತೊಳೆದು, ಹೊಸ ಕೋಣೆಯಲ್ಲಿ ಮಲಗಲೆಂದು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಎಬ್ಬಿಸಲಾ ಎಂದು ನಾನು ಕೈಸನ್ನೆ ಮಾಡಿದೆ. ಬೇಡ ಎಂದು ತಲೆಯಾಡಿಸಿ, ಬಾಗಿಲು ಎಳೆದುಕೊಂಡು, ಜಡೆ ಬಿಚ್ಚುತ್ತಾ ಬಾಣಂತಿಯರ ಕೋಣೆಯ ಕಡೆ ಹೋದರು. ಹೊರಗೆ ಡ್ರೈವರ್ ಹಾರನ್ ಹಾಕಿದ. ಹೋಗಿ ಅವನಿಗೆ ನಾಲ್ಕು ಮಾತು ಹೇಳಿ ಬಂದು ಹೊಸ ಬಾಗಿಲ ಮುಂದೆ ಕೂತೆ.

ಬಿಸಿಲು ಇಳಿದ ಮೇಲೆ ಸಾವಿತ್ರಮ್ಮನವರು ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದರು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

"ಹಾಸಿಗೆ ಪರವಾಗಿಲ್ಲ ರುಕ್ಕಮ್ಮ" ಎಂದರು.